ಸಮುದ್ರ ನೋಡದವರು ಬರೆದ ಒಪ್ಪಂದ

ಅದು ಅರವತ್ತನೇ ಇಸವಿಯೇ ಇರಬೇಕು. ಹಾಗೆನ್ನಲು ನನ್ನ ಹತ್ತಿರ ಇರುವ ಒಂದೇ ಸಾಕ್ಷಿ ನಮ್ಮ ಕಾನೂನು ಮಾಸ್ತರ ಸಿಟ್ಟು. ಆ ವರ್ಷ ಜಗತ್ತಿನ ದೇಶಗಳು ಜಿನೀವಾದಲ್ಲಿ ಎರಡನೇ ಸಲ ಸೇರಿ, ದಂಡೆಯಿಂದ ಎಷ್ಟು ಮೈಲಿಯವರೆಗಿನ ಸಮುದ್ರ ಆಯಾ ದೇಶದ್ದಾಗಬೇಕು ಎಂದು ವಾರಗಟ್ಟಲೆ ವಾದಿಸಿ, ಒಂದೇ ಒಂದು ಮತ ಕಡಿಮೆ ಬಿದ್ದು, ಏನೂ ತೀರ್ಮಾನವಾಗದೆ ಎದ್ದುಹೋಗಿದ್ದವು. ಮಾಸ್ತರು ಅದನ್ನು ತಮ್ಮ ಮನೆಯದೇ ಮದುವೆ ಮುರಿದುಬಿದ್ದಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರು.

“ಒಂದ ಮತರೀ! ಒಂದ!” ಎಂದು ಅವರು ಮೇಜು ಗುದ್ದಿದರು. “ಅಷ್ಟು ಮಂದಿ ಸೂಟು ಹಾಕ್ಕೊಂಡು ಕೂತು ಮಾಡಲಾರದ್ದನ್ನ ನಾವು ಧಾರವಾಡದಾಗ ಮಾಡಿ ತೋರಸೋಣು.”

ಅವರು ಮೇಜು ಗುದ್ದಿದಾಗ ಮಸಿಕುಡಿಕೆ ಉರುಳಿತು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಆ ಮಸಿಕುಡಿಕೆ ಬೇರೆ ಯಾವುದೋ ಕೋಣೆಯದು.

ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ಸಮುದ್ರ ಬರೆದೆವು. ಅದರ ಸುತ್ತ ಐದು ದೇಶ. ಆರನೆಯದು ಕಿಟಕಿಯ ಕೆಳಗೆ, ಎರಡು ದೇಶಗಳ ಬೆನ್ನಿಗೆ, ನೀರಿನ ಹನಿಯೂ ಮುಟ್ಟದ ಕಡೆ. ಆರು ಜನ ಚೀಟಿ ಎತ್ತಿದೆವು. ಹಳೇ ಹುಬ್ಬಳ್ಳಿಯ ಬಳೆ ವ್ಯಾಪಾರಿಯ ಮಗನಿಗೆ ಎಲ್ಲಕ್ಕಿಂತ ಉದ್ದ ಕರಾವಳಿ ಬಂತು. ಮುಗದ ಎಂಬ ಹಳ್ಳಿಯಿಂದ ಬರುತ್ತಿದ್ದ ರೈತರ ಮನೆಯ ಹುಡುಗನಿಗೆ ಬಂದ ದೇಶದಲ್ಲಿ ದೋಣಿಗಳು ಬಹಳ, ಮೀನು ಕಡಿಮೆ. ನನ್ನ ಚೀಟಿಯಲ್ಲಿ ‘ಕರಾವಳಿ ಇಲ್ಲ’ ಎಂದಷ್ಟೇ ಇತ್ತು.

“ಅಂದರ ನೀ ಧಾರವಾಡ ಜಿಲ್ಲಾ ಆದಿ” ಎಂದ ಮುಗದದವ. ಎಲ್ಲರೂ ನಕ್ಕರು. ನಾನು ನಗಲಿಲ್ಲ ಅಂತ ನೆನಪು, ಆದರೆ ನಕ್ಕಿರಬೇಕು. ಆ ವಯಸ್ಸಿನಲ್ಲಿ ನಗದೆ ಇರುವುದು ನನಗೆ ಸಾಧ್ಯವಿರಲಿಲ್ಲ.

ಪ್ರಿನ್ಸಿಪಾಲರು ಒಂದು ಆಸೆ ತೋರಿಸಿದ್ದರು. ದಸರಾ ಆದ ಮೇಲಿನ ಶುಕ್ರವಾರದೊಳಗೆ ಆರೂ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಮಾಡಬೇಕು, ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ಒಪ್ಪಬೇಕು. ಹಾಗಾದರೆ ಆ ವರ್ಷದ ಪ್ರವಾಸ ಕಾರವಾರಕ್ಕೆ. ಇಲ್ಲದಿದ್ದರೆ ಪ್ರತಿ ವರ್ಷದ ಹಾಗೆ ಉಣಕಲ್ ಕೆರೆಗೆ. ಉಣಕಲ್ ಕೆರೆಯ ಮೇಲೆ ನನಗೆ ಸಿಟ್ಟೇನಿರಲಿಲ್ಲ. ಆದರೆ ನನಗೆ ಇಪ್ಪತ್ತೆರಡು ವರ್ಷ, ಎರಡು ವರ್ಷದಿಂದ ಸಮುದ್ರದ ಕಾಯ್ದೆ ಓದುತ್ತಿದ್ದೆ, ಸಮುದ್ರ ನೋಡಿರಲಿಲ್ಲ. ಹಡಗುಗಳಿಗೆ ಯಾವ ನೀರಿನಲ್ಲಿ ಯಾವ ಹಕ್ಕು ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ, ಹಡಗು ಎಷ್ಟು ಎತ್ತರ ಇರುತ್ತದೆಂದು ಗೊತ್ತಿರಲಿಲ್ಲ. ಕಾರವಾರಕ್ಕೆ ಹೋಗಲೇಬೇಕೆಂದು ನನಗೆ ಹಸಿವಿನ ಹಾಗೆ ಆಗಿತ್ತು.

ಸಮ್ಮೇಳನ ಮೂರನೇ ದಿನಕ್ಕೇ ಕೆಟ್ಟಿತು.

“ಹನ್ನೆರಡು ಮೈಲು ನಮ್ಮದು” ಎಂದ ಹಳೇ ಹುಬ್ಬಳ್ಳಿಯವ. “ಒಂದು ಗೇಣೂ ಕಡಿಮಿ ಆಗಂಗಿಲ್ಲ.”

“ಹನ್ನೆರಡು ಮೈಲು ಅಂದರ ನಮ್ಮೂರು ಬಿಟ್ಟು ಧಾರವಾಡ ದಾಟಿ ಹೋತಲೇ! ಅಷ್ಟು ನೀರು ಇಟಗೊಂಡು ಏನ್ ಮಾಡ್ತಿ? ಬಳಿ ತೊಳೀತಿಯೇನು? ಮೂರು ಮೈಲು ಸಾಕು” ಎಂದ ಮುಗದದವ.

“ಅರೇ, ನಿನ್ನ ದಂಡ್ಯಾಗ ಮೀನಿಲ್ಲ ಅಂತ ನಮ್ಮ ಹಿತ್ತಲದಾಗ ಬಂದು ಬಲಿ ಹಾಕ್ತೀನಂತಿ. ಇದಕ್ಕ ಅಂತರರಾಷ್ಟ್ರೀಯ ಕಾಯ್ದೆ ಅನ್ನಂಗಿಲ್ಲ ದೋಸ್ತ, ಕಳ್ಳತನ ಅಂತಾರ.”

ಮುಗದದವನು ಎದ್ದು, ಚಪ್ಪಲಿಯ ಅಡಿಯಿಂದ ಹಳೇ ಹುಬ್ಬಳ್ಳಿಯವನ ಕರಾವಳಿಯನ್ನು ಅರ್ಧದಷ್ಟು ಒರೆಸಿ ಹೊರಗೆ ಹೋದ. ಅಲ್ಲಿಯವರೆಗೆ ಒಂದೇ ಬೆಂಚಿನಲ್ಲಿ ಕೂತು ಒಂದೇ ಬುತ್ತಿ ಉಣ್ಣುತ್ತಿದ್ದವರು ಖರೇ ಖರೇ ಮಾತು ಬಿಟ್ಟರು. ಉಳಿದ ಮೂರು ದೇಶಗಳು ಆಟ ನೋಡುತ್ತ ಕೂತವು. ನನ್ನ ಮಾತು ಕೇಳುವವರು ಯಾರೂ ಇರಲಿಲ್ಲ. ಕರಾವಳಿ ಇಲ್ಲದವನ ಹತ್ತಿರ ಕೊಡುವುದಕ್ಕೂ ಏನಿಲ್ಲ, ಕಸಿದುಕೊಳ್ಳುವುದಕ್ಕೂ ಏನಿಲ್ಲ. ನನ್ನ ಕಿಸೆಯಲ್ಲಿ ಕರಡೊಂದು ಇತ್ತು: ಮೊದಲ ಆರು ಮೈಲು ಆಯಾ ದೇಶದ್ದು, ಮುಂದಿನ ಆರು ಮೈಲಿನಲ್ಲಿ ಎಲ್ಲರೂ ಕೂಡಿ ಮೀನು ಹಿಡಿಯಬೇಕು. ಅದನ್ನು ಓದಿ ಹೇಳಬೇಕೆಂದರೆ ಇಬ್ಬರೂ ಒಂದು ಕೋಣೆಯಲ್ಲಿ ಕೂರಬೇಕಲ್ಲ.

ಹೀಗಿರುವಾಗ ದಸರಾ ಬಂತು. ನಮ್ಮ ಕಡೆ ಆ ಸಂಜೆ ಊರ ಸೀಮೆ ದಾಟಿ ಹೋಗಿ ಬನ್ನಿ ಎಲೆ ತಂದು, ಮನೆಮನೆಗೆ ಹೋಗಿ ಒಬ್ಬರಿಗೊಬ್ಬರು ಕೊಡುತ್ತಾರೆ. ಕಿರಿಯರು ಹಿರಿಯರಿಗೆ ಮೊದಲು ಕೊಡಬೇಕು. ಕೊಟ್ಟ ಬನ್ನಿಯನ್ನು ಬೇಡ ಎನ್ನುವಂತಿಲ್ಲ, ತೆಗೆದುಕೊಂಡ ಮೇಲೆ ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ಹಳೇ ಹುಬ್ಬಳ್ಳಿಯವನ ಮನೆಯಲ್ಲಿ ದಸರಾ ಇರಲಿಲ್ಲ, ಆದರೆ ಬನ್ನಿ ಇತ್ತು. ಅವನ ಅಬ್ಬಾ ಪ್ರತಿ ವರ್ಷ ಇಡೀ ಓಣಿಗೆ ಹಂಚಿ ಬರುತ್ತಿದ್ದರು. ಇಬ್ಬರೂ ಮಾಸ್ತರ ಮನೆಗೆ ಬನ್ನಿ ಕೊಡಲು ಬಂದೇ ಬರುವವರು. ನಾನು ಇಬ್ಬರಿಗೂ ಒಂದೇ ಸುಳ್ಳು ಹೇಳಿದೆ: “ಅವ ಈ ವರ್ಷ ಬರಂಗಿಲ್ಲಂತ. ನೀ ಆರು ಗಂಟೆಕ್ಕ ಬಾ.”

ಆರು ಗಂಟೆಗೆ ಇಬ್ಬರೂ ಮಾಸ್ತರ ಪಡಸಾಲೆಯಲ್ಲಿ ಎದುರುಬದುರು ನಿಂತಿದ್ದರು, ಕೈಯಲ್ಲಿ ಎಲೆ ಹಿಡಿದುಕೊಂಡು, ಮುಖ ಗಂಟು ಹಾಕಿಕೊಂಡು.

“ಕೊಡ್ರಪಾ, ಯಾಕ ನಿಂತೀರಿ?” ಎಂದರು ಮಾಸ್ತರು.

“ಅವ ಸಣ್ಣಾಂವ ಅದಾನ್ರಿ. ಅವ ಮೊದಲ ಕೊಡಲಿ” ಎಂದ ಮುಗದದವ.

“ಯಾರಲೇ ಸಣ್ಣಾಂವ? ನಾ ಹುಟ್ಟಿದ್ದನ್ನ ಅಬ್ಬಾ ಬರದಿಟ್ಟಾರ.”

“ನಾ ಹುಟ್ಟಿದ ದಿನ ನಮ್ಮೂರ ಕೆರಿ ಕೋಡಿ ಬಿದ್ದಿತ್ತಂತ. ಊರಾಗ ಯಾರನ್ನ ಬೇಕಾದರ ಕೇಳು.”

“ಕೆರಿ ಕೋಡಿ ಬಿದ್ದಿದ್ದಕ್ಕ ಸರ್ಟಿಫಿಕೇಟ್ ಐತೇನು?”

ಅಷ್ಟರಲ್ಲಿ ಒಳಗಿನಿಂದ ಮಾಸ್ತರ ಹೆಂಡತಿ ಬಂದರು. ನಾವೆಲ್ಲ ಅವರಿಗೆ ಕಾಕು ಎನ್ನುತ್ತಿದ್ದೆವು. ಕೈಯಲ್ಲಿ ಚಹಾದ ತಟ್ಟೆ. “ಇಬ್ಬರೂ ಕೂಡೇ ಕೈ ಮುಂದ ಮಾಡ್ರಿ. ಹಿರೇತನ ಆಮ್ಯಾಲ ಹುಡುಕ್ರಿ, ಇಲ್ಲೆ ಚಹಾ ಆರಲಿಕ್ಕೆ ಹತ್ತದ.”

ಇಬ್ಬರೂ ಕೈ ಮುಂದೆ ಮಾಡಿದರು. ಎಲೆಗಳು ಬದಲಾದವು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ನನ್ನ ಕಿಸೆಯನ್ನು. ಕರಡು ತೆಗೆದು ತಟ್ಟೆಯ ಪಕ್ಕ ಇಟ್ಟೆ. ಈಗ ಸಿಟ್ಟಿಗೇಳುವ ಹಾಗೂ ಇರಲಿಲ್ಲವಲ್ಲ.

ಹಳೇ ಹುಬ್ಬಳ್ಳಿಯವ ಅದನ್ನು ಎರಡು ಸಲ ಓದಿ, “ಆರು ಅಂದರ ಆರ. ಆಮ್ಯಾಲ ಐದೂವರಿ ಅನಬಾರದು” ಎಂದ. ಮುಗದದವ ಒಂದು ಸೇರಿಸಿದ: “ನಮ್ಮೂರ ಕೆರ್‍ಯಾಗ ಮಳಿ ಶುರುವಾದ ಮ್ಯಾಲ ಮೀನು ಮೊಟ್ಟಿ ಇಡೋ ತನಕ ಯಾರೂ ಬಲಿ ಇಳಿಸಂಗಿಲ್ಲ. ಯಾರ ಗದ್ದಿ ದೊಡ್ಡದು, ಯಾರದು ಸಣ್ಣದು, ಕೇಳಂಗಿಲ್ಲ. ಇಲ್ಲೂ ಹಂಗ ಬರಿ.” ಬರೆದೆ. ಜಿನೀವಾದವರಿಗೆ ಅದು ಹೊಳೆದಿತ್ತೋ ಇಲ್ಲವೋ, ಮುಗದದ ಕೆರೆಯಿಂದ ನಮ್ಮ ಸಮುದ್ರಕ್ಕೆ ಅದು ಹೀಗೆ ಬಂತು.

ಆಗ ಕಾಕು ನನ್ನ ಕಡೆ ಕೈ ಮಾಡಿ, “ಇವಗ ದಂಡಿನ ಇಲ್ಲಲಾ? ಇವ ಸಮುದ್ರಕ್ಕ ಎಲ್ಲಿಂದ ಹೋಗಬೇಕು? ದಾರಿ ಕೊಡ್ರೆಪಾ” ಎಂದರು. ಅವರು ಹೀಗೆಯೇ ಅಂದರೋ, ಅಥವಾ ನನಗೆ ಬೇಕಾಗಿದ್ದ ಮಾತನ್ನು ಇಷ್ಟು ವರ್ಷಗಳಲ್ಲಿ ನಾನೇ ಅವರ ಬಾಯಲ್ಲಿ ಇಟ್ಟೆನೋ. ಒಂದಂತೂ ನಿಜ, ಏಳನೇ ಕಲಮಿನ ಕರಡಿನ ಮೇಲೆ ಚಹಾದ ಬಟ್ಟಲಿನ ಗುಂಡು ಕಲೆ ಇತ್ತು: ‘ಕರಾವಳಿ ಇಲ್ಲದ ದೇಶದವರು ಸಮುದ್ರಕ್ಕೆ ಹೋಗಿ ಬರಲು ಉಳಿದ ಎಲ್ಲ ದೇಶಗಳೂ ಅಡ್ಡಿಯಿಲ್ಲದೆ ದಾರಿ ಕೊಡತಕ್ಕದ್ದು.’

ಉಳಿದ ಮೂವರೂ ಒಪ್ಪಿ, ಆರೂ ಜನ ಸಹಿ ಹಾಕಿದೆವು. ಶುಕ್ರವಾರ ಪರೀಕ್ಷಕರು ಬಂದರು. ಬಂದರಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಾರವಾರದವರೇ. ಬಿಸಿಲಿನಲ್ಲಿ ಒಣಗಿದಂಥ ಮೈ, ಸಣ್ಣ ದನಿ. ಆರು ದೇಶಗಳೂ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸಾಲಾಗಿ ಕೂತಿದ್ದವು. ಅವರು ಒಪ್ಪಂದವನ್ನು ನಿಧಾನ ಓದಿದರು. ಎರಡು ಸಲ ತಲೆ ಆಡಿಸಿದರು. ಕಾರವಾರ ನನ್ನ ಎದುರಿಗೇ ಇತ್ತು.

“ಚೆನ್ನಾಗಿದೆ” ಎಂದರು. “ಒಂದೇ ಪ್ರಶ್ನೆ. ಆರು ಮೈಲಿಯನ್ನು ನೀರಿನ ದಂಡೆಯಿಂದ ಅಳೆಯಬೇಕು ಅಂತ ಬರೆದಿದ್ದೀರಿ. ಯಾವ ದಂಡೆ? ಬೆಳಗಿನದೋ, ಮಧ್ಯಾಹ್ನದ್ದೋ?”

ಮುಗದದವ ಎದ್ದು ನಿಂತ. “ಸರ್, ದಂಡಿ ಅಂದರ ದಂಡಿನರೀ. ನಮ್ಮೂರ ಕೆರಿ ದಂಡಿ ಮಧ್ಯಾಹ್ನ ಎಲ್ಲೂ ಎದ್ದು ಹೋಗಂಗಿಲ್ರಿ.”

ಪರೀಕ್ಷಕರು ನಗಲಿಲ್ಲ. “ನಿಮ್ಮ ಕೆರೆಯದು ಹೋಗುವುದಿಲ್ಲ. ಸಮುದ್ರದ್ದು ಹೋಗುತ್ತದೆ. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುತ್ತದೆ. ನಿಮ್ಮಲ್ಲಿ ಯಾರಾದರೂ ಸಮುದ್ರ ನೋಡಿದ್ದೀರಾ?”

ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಮಾಸ್ತರ ಕಡೆ ನೋಡಿದೆವು. ಮಾಸ್ತರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. “ಇಳಿತದ ಗೆರಿ ಅಂತ ಪುಸ್ತಕದಾಗ ಅದರೀ. ನಾನೂ ಓದೀನಿ. ಕಲಿಸೋದು ಮರತೆ. ಯಾಕಂದರ...” ಎಂದು ಕನ್ನಡಕ ಹಾಕಿಕೊಂಡರು, “ನಾನೂ ನೋಡಿಲ್ಲ.”

ಇಪ್ಪತ್ತು ವರ್ಷದಿಂದ ಸಮುದ್ರದ ಕಾಯ್ದೆ ಕಲಿಸುತ್ತಿದ್ದವರು ಹಾಗೆಂದಾಗ ಮೊದಲು ನಕ್ಕವರು ಅವರೇ. ಆಮೇಲೆ ಇಡೀ ಕೋಣೆ.

ಆದರೆ ನಗೆಯಿಂದ ಕಲಮು ಸರಿಯಾಗುವುದಿಲ್ಲ. ದಂಡೆಯೇ ಗೊತ್ತಿಲ್ಲದ ಒಪ್ಪಂದವನ್ನು ಒಪ್ಪಲಾರೆ ಎಂದು ಪರೀಕ್ಷಕರು ಕಾಗದವನ್ನು ಮೇಜಿನ ಮೇಲೆ ಇಟ್ಟರು. ಪ್ರಿನ್ಸಿಪಾಲರು ಎದ್ದು, ಹುಡುಗರ ಶ್ರಮ ಮೆಚ್ಚತಕ್ಕದ್ದು, ಉಣಕಲ್ ಕೆರೆಯೂ ಈ ಸಲ ತುಂಬಿದೆ ಎಂದು ಮಾತು ಶುರು ಮಾಡಿದರು. ಆಗ ಯಾರೋ ಎದ್ದು ನಿಂತರು. ನನ್ನ ನೆನಪಿನಲ್ಲಿ ಅದು ನಾನು. ಮುಗದದವ ಇವತ್ತಿಗೂ ಅದು ತಾನು ಅನ್ನುತ್ತಾನೆ. ಕರಾವಳಿ ಇಲ್ಲದ ದೇಶದ ಪ್ರತಿನಿಧಿ ನಾನಾಗಿದ್ದರಿಂದ ಇಲ್ಲಿ ನಾನೇ ಎಂದು ಬರೆಯುತ್ತೇನೆ. ಅವನು ಬರೆಯುವಾಗ ಅವನು ಬರೆಯಲಿ.

“ಸರ್, ತಪ್ಪಿರೋದು ಎರಡನೇ ಕಲಮಿನಾಗ ಅಷ್ಟ. ಏಳನೇ ಕಲಮಿನಾಗ ತಪ್ಪು ಐತೇನ್ರಿ?”

ಪರೀಕ್ಷಕರು ಕಾಗದ ಮತ್ತೆ ಎತ್ತಿಕೊಂಡರು. “ಏಳು... ಕರಾವಳಿ ಇಲ್ಲದ ದೇಶಕ್ಕೆ ದಾರಿ. ಇಲ್ಲ, ಇದು ಸರಿಯಾಗಿದೆ.”

“ಆರೂ ಮಂದಿ ಅದಕ್ಕ ಸಹಿ ಮಾಡ್ಯಾರ್ರಿ. ನನಗ ದಂಡಿ ಇಲ್ಲ. ಸಮುದ್ರಕ್ಕ ಹೋಗಿ ಬರಾಕ ಹಕ್ಕೈತಿ. ಅಡ್ಡಿ ಮಾಡಬಾರದು ಅಂತ ಬರದೈತಿ. ಉಣಕಲ್‌ಕ್ಕ ಕಳಿಸಿದರ ಅಡ್ಡಿ ಮಾಡಿದಾಂಗ ಆತಲ್ರಿ?”

“ಅವ ಒಬ್ಬನ ಹ್ಯಾಂಗ ಹೋಗ್ತಾನ್ರಿ?” ಎಂದು ಹಳೇ ಹುಬ್ಬಳ್ಳಿಯವ ತಕ್ಷಣ ಎದ್ದ. “ದಾರಿ ಕೊಡೋರು ನಾವು. ಸಂಗಾತ ಹೋಗಿ ಕೊಟ್ಟು ಬರಬೇಕಲ್ರಿ.”

ಈಗ ಪರೀಕ್ಷಕರು ನಕ್ಕರು. ಸಣ್ಣ ದನಿಯವರು ದೊಡ್ಡದಾಗಿ ನಕ್ಕರು. ಒಪ್ಪಂದದ ಕೆಳಗೆ ಹೀಗೆ ಬರೆದರು: ‘ಎರಡನೇ ಕಲಮನ್ನು ಸ್ಥಳಕ್ಕೆ ಹೋಗಿ ನೋಡಿ ತಿದ್ದತಕ್ಕದ್ದು.’ ಸ್ಥಳ ಎಂದರೆ ಯಾವುದು ಎಂದು ಪ್ರಿನ್ಸಿಪಾಲರು ಕೇಳಲಿಲ್ಲ.

ಯಲ್ಲಾಪುರದ ದಾರಿಯಲ್ಲಿ ಬಸ್ಸು, ಘಟ್ಟದ ತಿರುವುಗಳಲ್ಲಿ ಇಬ್ಬರು ಕಕ್ಕಿದ್ದು, ಇವೆಲ್ಲ ಎಲ್ಲರ ಪ್ರವಾಸಗಳಲ್ಲೂ ಇರುವಂಥವು, ಬಿಡುತ್ತೇನೆ. ನಾವು ಕಾರವಾರ ಮುಟ್ಟಿದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಗಾಳಿಮರಗಳ ನಡುವಿನಿಂದ ಹೊರಗೆ ಬಂದೆವು, ಮತ್ತು ಅದು ಅಲ್ಲಿತ್ತು.

ಅದನ್ನು ನೋಡಿದಾಗ ನನಗೆ ಏನನಿಸಿತು ಎಂದು ಬಹಳ ಸಲ ಬರೆಯಲು ನೋಡಿದ್ದೇನೆ. ಪ್ರತಿ ಸಲವೂ ಆಮೇಲೆ ನೋಡಿದ ಸಮುದ್ರಗಳು ಬಂದು ಅಡ್ಡ ನಿಲ್ಲುತ್ತವೆ. ಉಳಿದಿರುವುದು ಮುಗದದವನ ಒಂದು ಮಾತು: “ಏ, ಆಚಿ ದಂಡಿನ ಇಲ್ಲಲೋ ಇದಕ್ಕ!”

ಮಾಸ್ತರು ಕೆಲಸ ಮರೆಯಲಿಲ್ಲ. ನೀರಿನ ಅಂಚಿಗೆ ಗುರುತು ಬೇಕು ಎಂದರು. ಕಲ್ಲು ಸಿಗಲಿಲ್ಲ. ಆರು ದೇಶಗಳೂ ಚಪ್ಪಲಿ ಬಿಚ್ಚಿ ಅಂಚಿನುದ್ದಕ್ಕೂ ಸಾಲಾಗಿ ಇಟ್ಟು, ಮೇಲೆ ಮರಳಿನಲ್ಲಿ ಕೂತು ರೊಟ್ಟಿ ಬಿಚ್ಚಿದೆವು, ನೀರು ಹಿಂದೆ ಸರಿಯುವುದನ್ನು ಕಾಯುತ್ತ. ಅದು ಏರುವ ಹೊತ್ತು ಎಂದು ನಮಗೆ ಹೇಗೆ ಗೊತ್ತಾಗಬೇಕು? ಎರಡನೇ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುವಷ್ಟರಲ್ಲಿ ಚಪ್ಪಲಿಗಳು ತೇಲುತ್ತಿದ್ದವು.

“ನಂದು! ನಂದು ಹೋತು!” ಎಂದು ಹಳೇ ಹುಬ್ಬಳ್ಳಿಯವ ಓಡಿದ. ಅವನ ಹಿಂದೆ ಎಲ್ಲರೂ. ಅಲೆಯೊಂದು ಮುಗದದವನನ್ನು ಕೆಡವಿತು. ಎದ್ದವನ ಕೈಯಲ್ಲಿ ಹಳೇ ಹುಬ್ಬಳ್ಳಿಯವನ ಎಡಗಾಲಿನ ಚಪ್ಪಲಿ.

“ಯಾರ ಹದ್ದಿನಾಗ ಸಿಕ್ತು, ಮೊದಲ ಅದನ್ನ ಹೇಳ್ರಿ!” ಎಂದು ಹಿಂದಿನಿಂದ ಮಾಸ್ತರು ಕೂಗಿದರು. ಅವರೂ ಧೋತರ ಮೇಲೆ ಕಟ್ಟಿ ಮೊಣಕಾಲಿನವರೆಗೆ ನೀರಿನಲ್ಲಿದ್ದರು. ಬಾಯಿಗೆ ಹನಿ ಹಾರಿ, ಉಪ್ಪು ಎಂದು ನಮ್ಮೆಲ್ಲರಿಗೂ ಸುದ್ದಿ ಹೇಳಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಹಿಂದೆ ಹೋಗುತ್ತ ಹೋಗುತ್ತ ಕೊನೆಗೊಂದು ಕಡೆ ನಿಂತಿತು. ಒದ್ದೆ ಮರಳು ಹೊಳೆಯುತ್ತಿತ್ತು. ಅಲ್ಲಿಗೆ ನಡೆದುಹೋಗಿ ಮಾಸ್ತರ ಬೆನ್ನ ಮೇಲೆ ಕಾಗದ ಇಟ್ಟು ಎರಡನೇ ಕಲಮು ತಿದ್ದಿದೆವು: ‘ನೀರು ಎಲ್ಲಕ್ಕಿಂತ ಹಿಂದೆ ಸರಿದಾಗಿನ ಗೆರೆಯಿಂದ.’ ಪೆನ್ನು ಸರತಿಯಂತೆ ಕೈಯಿಂದ ಕೈಗೆ ಹೋಯಿತು. ಐದು ದೇಶಗಳು ಸಹಿ ಮಾಡಿದವು. ಆರನೆಯ ದೇಶ ಆಗಲೇ ಎದೆಮಟ್ಟದ ನೀರಿನಲ್ಲಿತ್ತು. ಸಹಿ ಹಾಕಲು ಬಾ ಎಂದು ಅವರು ಕರೆಯುತ್ತಲೇ ಇದ್ದರು, ನಾನು ಬರಲಿಲ್ಲ.