ನಾಲ್ಕುನೂರು ಗ್ರಾಮ್ ಮೊಸರನ್ನ

ನನ್ನ ಮೊಮ್ಮಗಳು ಸಿರಿ ಜೂಡೋದಲ್ಲಿ ಕಂಚಿನ ಪದಕ ಗೆದ್ದಳು. ಹನ್ನೊಂದು ವರ್ಷದ ಹುಡುಗಿ, ಇದೇ ಮೊದಲನೇ ಟೂರ್ನಮೆಂಟ್. (ಶನಿವಾರದಿಂದ ಯಾರ ಫೋನ್ ಬಂದರೂ ಹಲೋ ಅನ್ನುವ ಮೊದಲೇ ಇದನ್ನು ಹೇಳಿಬಿಡುತ್ತಿದ್ದೇನೆ.)

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ.

ನಾವಿರುವುದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ, ಪಂದ್ಯ ಇದ್ದದ್ದು ಪಕ್ಕದ ಊರಿನಲ್ಲಿ. ಮಗ ಕಾರು ಓಡಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ನಾನು ಮತ್ತು ಸಿರಿ. ಕುಸ್ತಿ ಆಡಲು ಹೊರಟ ಮಗು ಖಾಲಿ ಹೊಟ್ಟೆಯಲ್ಲಿ ಹೋಗುವುದುಂಟೇ? ಡಬ್ಬಿಯಲ್ಲಿ ಮೊಸರನ್ನ ಕಲಸಿ ತಂದಿದ್ದೆ. ತುತ್ತು ಮಾಡಿ ತಿನ್ನಿಸಿದೆ.

"ಗೆನೂಗ್, ಅಜ್ಜಿ," ಅಂದಳು. ಸಾಕು ಅಂತ. ಅಷ್ಟು ಜರ್ಮನ್ ನನಗೂ ಬರುತ್ತದೆ. ಆದರೆ ಮಕ್ಕಳು ಸಾಕು ಅಂದ ಮೇಲೂ ಇನ್ನೂ ಮೂರು ತುತ್ತು ಹಿಡಿಯುತ್ತದೆ ಅಂತ ಯಾವ ಅಜ್ಜಿಗೆ ಗೊತ್ತಿಲ್ಲ?

ಅಲ್ಲಿ ಹೋದರೆ ಆಟಕ್ಕೆ ಮೊದಲು ತೂಕ ನೋಡುತ್ತಾರಂತೆ. ಮೂವತ್ತಾರು ಕಿಲೋ ಒಳಗಿನ ಗುಂಪಿಗೆ ಇವಳ ಹೆಸರು ಕೊಟ್ಟಾಗಿತ್ತು. ತೂಕದ ಮಷೀನು ಅದರ ಮೇಲೆ ನಾಲ್ಕುನೂರು ಗ್ರಾಮ್ ತೋರಿಸಿತು.

"ಅಮ್ಮ, ಏನ್ ತಿನ್ಸ್ದೆ ಇವ್ಳಿಗೆ?" ಮಗ ಕೇಳಿದ.

"ಮೊಸರನ್ನ ಕಣೋ. ಕಲ್ಲೇನ್ ತಿನ್ಸಿಲ್ಲ."

"ಮಷೀನ್‌ಗೆ ಎರಡೂ ಒಂದೇ, ಅಮ್ಮ."

ಸಿರಿಯ ಕಣ್ಣು ತುಂಬಿತು. ನಲವತ್ತು ಕಿಲೋದವರ ಜೊತೆ ಆಡಬೇಕು, ಇಲ್ಲ ಮನೆಗೆ ವಾಪಸ್. ಓಡಿ ಬೆವರು ಸುರಿಸಿ ಇಳಿಸುತ್ತೇನೆ, ಅರ್ಧ ಗಂಟೆ ಕೊಡಿ ಅಂತ ಕೋಚ್ ಮುಂದೆ ಅತ್ತಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೋಚ್ ಹೆಸರು ರಾದ್ಕಾ, ಬಲ್ಗೇರಿಯಾದವಳು. ಒಂದು ಕಾಲಕ್ಕೆ ಇಡೀ ಯುರೋಪಿಗೇ ಚಾಂಪಿಯನ್. (ನನ್ನ ಮಗಳ ವಯಸ್ಸು, ಅದಕ್ಕೆ ಅವಳು ಅಂತಲೇ ಬರೆಯುತ್ತೇನೆ.) ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿಗಳು ಮುದುಡಿಹೋಗಿವೆ. ಸಿರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಕಥೆ ಹೇಳಿದಳು. ಮಗ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ.

ಅವಳದು ಗುಲಾಬಿ ಬೆಳೆಯುವ ಊರು. ಒಂಬತ್ತಕ್ಕೆ ಜೂಡೋ ಸೇರಿದಳು, ಹದಿನೇಳಕ್ಕೆ ದೇಶಕ್ಕೇ ಮೊದಲು. ಆಮೇಲೆ ಮೈ ಬೆಳೆಯಿತು, ಆದರೆ ಅಲ್ಲಿನ ಕೋಚ್‌ಗಳು ಅದೇ ಹಳೆಯ ತೂಕದಲ್ಲಿ ಆಡಿಸಿದರು. ಪ್ರತಿ ಪಂದ್ಯಕ್ಕೂ ಮುಂಚೆ ಉಪವಾಸ. ಬೆವರಿಳಿಸಲು ಪ್ಲಾಸ್ಟಿಕ್ ಅಂಗಿ ತೊಟ್ಟು ಓಟ. ತನ್ನ ಮೊದಲನೇ ಯುರೋಪ್ ಪಂದ್ಯದಲ್ಲಿ ತೂಕವೇನೋ ಸರಿಹೋಯಿತು, ಕಾಲು ನಿಲ್ಲಲಿಲ್ಲ. ಒಂದೇ ನಿಮಿಷದಲ್ಲಿ ಸೋತಳು. ಆಟ ಬಿಟ್ಟು ಊರಿಗೆ ಹೋಗಿ, ಬೇಸಿಗೆ ಪೂರ್ತಿ ಅವ್ವನ ಕೈಯ ಚೀಸ್ ರೊಟ್ಟಿ ತಿಂದಳು. ಮೇಲಿನ ತೂಕಕ್ಕೆ ಹೋಗಿ ಮತ್ತೆ ಅಖಾಡಕ್ಕೆ ಇಳಿದಳು ನೋಡಿ, ಆಗ ಸಿಕ್ಕಿತು ಚಿನ್ನ.

ಕೇಳುತ್ತಾ ಕೇಳುತ್ತಾ ನಾನು ಎಲ್ಲಿಗೋ ಹೋಗಿಬಿಟ್ಟೆ. ಮಂಜು ಬಿದ್ದ ಗುಲಾಬಿ ಹೊಲ. ಸಾಲಿನ ನಡುವೆ ಹಸಿದ ಹುಡುಗಿಯೊಬ್ಬಳು ಓಡುತ್ತಿದ್ದಾಳೆ, ಅಂಗಿ ಸರಸರ ಅನ್ನುತ್ತಿದೆ. ಹಿಂದೆ ನಾನು, ಸೆರಗು ಸಿಕ್ಕಿಸಿ, ಅನ್ನದ ಡಬ್ಬಿ ಹಿಡಿದು. ಎಷ್ಟು ಕೂಗಿದರೂ ತಿರುಗುತ್ತಿಲ್ಲ. ಗೆದ್ದವರ ಫೋಟೋದಲ್ಲಿ ಪದಕ ಕಾಣುತ್ತದೆ, ಹಸಿವು ಕಾಣುತ್ತದೆಯೇ?

"ಓಡೋದು ಬೇಡ," ಅಂದಳಂತೆ ರಾದ್ಕಾ. "ಹೊಟ್ಟೆ ತುಂಬಿದೆ ತಾನೆ? ಹೋಗಿ ದೊಡ್ಡವರ ಜೊತೆ ಆಡು."

ಮೊದಲ ಆಟದಲ್ಲಿ ಸೋತಳು. ಎದುರಿನವಳು ಬಾಗಿಲಷ್ಟು ಅಗಲ. ಎರಡನೆಯದು ಹೇಗೋ ಗೆದ್ದಳು. ಪದಕ ಮೂರನೆಯದರಲ್ಲಿತ್ತು. ಇನ್ನೊಬ್ಬ ಭಾರದ ಹುಡುಗಿ ಇವಳನ್ನು ನೂಕಿಕೊಂಡೇ ಬಂದಳು. ಸಿರಿ ಸರಕ್ಕನೆ ತಿರುಗಿ, ಸೊಂಟದ ಮೇಲೆ ಎತ್ತಿ ಹಾಕಿದಳು. ಧೊಪ್ಪೆಂದು ಬೆನ್ನು ನೆಲಕ್ಕೆ. ಮಗ ವಿಡಿಯೋ ಮಾಡುವುದು ಬಿಟ್ಟು ಅಳುತ್ತಿದ್ದ. (ಮಷೀನಿನ ಮಾತಾಡಿದವನು ಇವನೇ.)

ಸಂಜೆ ರಾದ್ಕಾಳನ್ನೂ ಊಟಕ್ಕೆ ಕರೆದೆವು. ಸೊಸೆ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಒಲೆ ಹಚ್ಚಿದಳು. ಬದನೆಕಾಯಿ ಎಣ್ಣೆಗಾಯಿ, ಚಿತ್ರಾನ್ನ, ಶಾವಿಗೆ ಪಾಯಸ. ಐವರೂ ಒಟ್ಟಿಗೆ ಕೂತೆವು. ರಾದ್ಕಾ ಒಂದು ಕ್ಷಣ ಕೈ ತಡೆದು ತಟ್ಟೆಯನ್ನೇ ದಿಟ್ಟಿಸಿದಳು. ಇವತ್ತಿಗೂ ಊಟಕ್ಕೆ ಕೂತರೆ ಎಷ್ಟು ಗ್ರಾಮ್ ಅಂತ ಮನಸ್ಸು ಲೆಕ್ಕ ಹಾಕುತ್ತದಂತೆ. ಆಮೇಲೆ ನಕ್ಕು ತಿನ್ನತೊಡಗಿದಳು. ಪಾಯಸ ಎರಡು ಸಲ ಹಾಕಿಸಿಕೊಂಡಳು.

ಉಣ್ಣುವವರ ತಟ್ಟೆ ನೋಡಬಾರದು, ದೃಷ್ಟಿಯಾಗುತ್ತದೆ ಅನ್ನುತ್ತಾರೆ. ನಾನು ಮಾತ್ರ ಆ ಚಾಂಪಿಯನ್ ತಟ್ಟೆಯನ್ನು ಕಣ್ತುಂಬ ನೋಡಿದೆ, ತಪ್ಪೇ?