ಕೋಕಮ್ ಕೊಟ್ಟ ವಾಟಕಿ

ಗೆಳತಿಯರು ಸೇರಿದಾಗಲೆಲ್ಲ ಈ ಕತೆಯನ್ನು ಅವರೇ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತಿದ್ದರೂ. ಇವಳು ಸೂರತ್‌ನಲ್ಲಿದ್ದಾಗ, ಮೊಟ್ಟೆಯನ್ನೂ ಒಳಗೆ ಬಿಡದ ಅಪಾರ್ಟ್‌ಮೆಂಟಿನಲ್ಲಿ, ಕಿಟಕಿ ಬಾಗಿಲು ತೆರೆದಿಟ್ಟು, ಫ್ರೆಂಚರ ಹಾಗೆ ದನದ ಮಾಂಸದ ಸ್ಟ್ಯೂ ಮಾಡಿದಳಂತೆ. ಮನೆ ಮಾಲೀಕ ಅವತ್ತೇ ಸಾಮಾನು ಹೊರಗೆ ಹಾಕಿದನಂತೆ. ಕೊನೆಗೆ ಯಾರಾದರೊಬ್ಬರು ನನ್ನ ಬೆನ್ನು ತಟ್ಟುತ್ತಾರೆ.

ಕಾಲೇಜಿನ ಮೂರು ವರ್ಷ ಇವರ ಜತೆಗೇ ಚರ್ಚಾಸ್ಪರ್ಧೆಗೆ ಊರೂರು ತಿರುಗಿದವಳು ನಾನು. ಎದುರು ತಂಡ ಇಷ್ಟು ಸಡಿಲವಾದ ಕತೆ ತಂದಿದ್ದರೆ ಎರಡು ನಿಮಿಷದಲ್ಲಿ ಬಿಚ್ಚಿಹಾಕುತ್ತಿದ್ದೆವು. ದನ ಎಲ್ಲಿಂದ ಬಂತು? ಗುಜರಾತಿನಲ್ಲಿ ಗೋಹತ್ಯೆಗೆ ನಿಷೇಧ ನಾನು ಹುಟ್ಟುವ ಮೊದಲಿನಿಂದಲೂ ಇದೆ. ನಾನು ತಂದದ್ದು ಎಮ್ಮೆಯದು, ಅಲ್ಲಿನವರು ಪಾಡಾ ಅನ್ನುವ ಗಂಡು ಕರುವಿನದು. ಮಾಲೀಕ ಮುಂಬಯಿಯಲ್ಲಿದ್ದ, ಅವನಿಗೆ ಇವತ್ತಿಗೂ ಸುದ್ದಿ ಮುಟ್ಟಿಲ್ಲ. ಊರು ಬಿಟ್ಟದ್ದು ಬ್ಯಾಂಕ್ ವರ್ಗ ಮಾಡಿದ್ದಕ್ಕೆ. ಕಿಟಕಿಯಂತೂ ಮುಚ್ಚಿ, ಸಂದಿಗೆ ಟವೆಲ್ ತುರುಕಿ, ಎರಡು ಕಡ್ಡಿ ಊದುಬತ್ತಿ ಹಚ್ಚಿಟ್ಟಿದ್ದೆ. ಇದರಲ್ಲಿ ಧೈರ್ಯ ಎಲ್ಲಿದೆ?

ಆದರೂ ನಾನು ಅವರನ್ನು ತಿದ್ದುವುದಿಲ್ಲ. ತಿದ್ದಿದರೆ ಎದುರುಮನೆಯ ಮಾಸಿಯ ವಿಷಯ ಹೇಳಬೇಕಾಗುತ್ತದೆ.

ತೊಂಬತ್ತರ ದಶಕದ ನಡುವೆ, ಅಹಮದಾಬಾದಿನಲ್ಲಿ ಆರು ವಾರ ತರಬೇತಿ ಮುಗಿಸಿ ಸೂರತ್ತಿನ ಒಂದು ಶಾಖೆಗೆ ಬಂದಾಗ ನನಗೆ ಇಪ್ಪತ್ಮೂರು. ಧಾರವಾಡದ ನಮ್ಮ ಮನೆಯಲ್ಲಿ ಮೊಟ್ಟೆ ಬಂದದ್ದು ಕೇಕಿನ ಒಳಗೆ ಅವಿತುಕೊಂಡು ಮಾತ್ರ. ಶುದ್ಧ ಸಸ್ಯಾಹಾರಿಗಳ ಮನೆಯವಳು ಎಂದು ಗೊತ್ತಾದ ಮೇಲೆಯೇ ನನಗೆ ಬಾಡಿಗೆಗೆ ಮನೆ ಸಿಕ್ಕಿದ್ದು. ಶಾಖೆಯಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಗೆ ಬಿಡುವಿರುತ್ತಿರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮರುದಿನ ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರ್" ಅನ್ನುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ವಾದಕ್ಕೆ ಎದುರಾಳಿ ಬೇಕು. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಎರಡೂ ಪಕ್ಷ ವಹಿಸಿ ಮಾತಾಡಿದ್ದೂ ಇದೆ.

ಆ ಮೌನವನ್ನು ಮೊದಲು ಮುರಿದವರು ಎದುರುಬಾಗಿಲಿನ ಮಾಸಿ, ಅಂದರೆ ಚಿಕ್ಕಮ್ಮ. ಅರವತ್ತು ದಾಟಿದ ವಿಧವೆ. ಮಗ ವಜ್ರ ಉಜ್ಜುವ ಕಾರ್ಖಾನೆಯಲ್ಲಿ, ಸೊಸೆ ಶಾಲೆಯಲ್ಲಿ, ಹಗಲೆಲ್ಲ ಅವರೊಬ್ಬರೇ. ನಾನು ಬಂದ ಮೂರನೇ ದಿನ ಗಂಟೆ ಒತ್ತಿ, ಸ್ಟೀಲ್ ಬಟ್ಟಲಿನಲ್ಲಿ ಬಟಾಟೆಯ ಶಾಕ್, ಅಂದರೆ ಪಲ್ಯ, ಹಿಡಿದು ನಿಂತಿದ್ದರು.

"ತಿನ್ನು. ಬಟ್ಟಲು ಖಾಲಿ ತರಬೇಡ."

ಖಾಲಿ ತರಬೇಡ ಎಂದರೇನರ್ಥ ಎಂದು ನಾನು ಕೇಳಿದ್ದಕ್ಕೆ ನಕ್ಕರು. ಅಲ್ಲಿ ಅದು ರೂಢಿ: ವಾಟಕಿ, ಅಂದರೆ ಆ ಬಟ್ಟಲು, ನೆರೆಮನೆಗೆ ಹೋದರೆ ಏನನ್ನಾದರೂ ತುಂಬಿಕೊಂಡೇ ವಾಪಸು ಬರಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ನಾನು ಅದರಲ್ಲಿ ಒಗ್ಗರಣೆ ಅವಲಕ್ಕಿ ಹಾಕಿಕೊಟ್ಟೆ. ಎರಡು ದಿನಕ್ಕೆ ಅದೇ ವಾಟಕಿಯಲ್ಲಿ ಹಾಂಡವೊ ಎಂಬ ಅಕ್ಕಿ-ಬೇಳೆಯ ಖಾರದ ಕೇಕು ಬಂತು. ಹೀಗೆ ಆ ಒಂದು ಬಟ್ಟಲು ಎರಡು ಬಾಗಿಲುಗಳ ನಡುವೆ ಓಡಾಡುತ್ತ, ಅದರ ಜತೆ ಹತ್ತು ನಿಮಿಷದ ಮಾತೂ ಓಡಾಡುತ್ತ, ನನ್ನ ವಾರಗಳು ಸಾಗಿದವು. ಮಾಸಿಯ ಗುಜರಾತಿಗೂ ನಾನು ಪರೀಕ್ಷೆಗೆಂದು ಕಲಿತ ಹಿಂದಿಗೂ ಹೊಂದಿಕೆಯಾಗಲು ಅಷ್ಟು ಸಾಕಾಗಿತ್ತು. ನನ್ನ ಕುಕ್ಕರಿನ ಸೀಟಿಗಳನ್ನು ಅವರು ತಮ್ಮ ಮನೆಯಿಂದಲೇ ಎಣಿಸುತ್ತಿದ್ದರು. "ಇವತ್ತು ಎರಡೇ ಸೀಟಿ. ಬರೀ ಅನ್ನ ತಿಂದೆಯಾ ದೀಕ್ರೀ?" ದೀಕ್ರೀ ಅಂದರೆ ಮಗಳು. ಆ ಊರಲ್ಲಿ ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

ಇನ್ನು ಸ್ಟ್ಯೂ. ಊರಾಚೆಯ ಹಜೀರಾದಲ್ಲಿ ಹೊಸ ಕಾರ್ಖಾನೆಯೊಂದು ಏಳುತ್ತಿತ್ತು. ಅಲ್ಲಿ ಯಂತ್ರ ಕೂರಿಸಲು ಬಂದಿದ್ದ ಫ್ರೆಂಚ್ ಇಂಜಿನಿಯರ್ ಒಬ್ಬರ ಹೆಂಡತಿ ಒಂದು ದಿನ ನಮ್ಮ ಕೌಂಟರಿನ ಮುಂದೆ ನಿಂತು ಪರದಾಡುತ್ತಿದ್ದರು. ಅಂಕ ಚೆನ್ನಾಗಿ ಬರುತ್ತದೆಂದು ಕಾಲೇಜಿನಲ್ಲಿ ತೆಗೆದುಕೊಂಡಿದ್ದ ಫ್ರೆಂಚ್ ಅವತ್ತು ಮೊದಲ ಬಾರಿಗೆ ಕೆಲಸಕ್ಕೆ ಬಂತು. ನಾನು ಪಠ್ಯಪುಸ್ತಕದ ವಾಕ್ಯಗಳನ್ನು ಜೋಡಿಸಿ ಮಾತಾಡಿದೆ, ಆಕೆ ಕೌಂಟರಿನ ಆಚೆಯಿಂದ ನನ್ನ ಕೈ ಹಿಡಿದುಕೊಂಡುಬಿಟ್ಟರು. ಆಮೇಲೆ ಐದಾರು ಭಾನುವಾರ ನಾನು ಬಸ್ಸು ಹಿಡಿದು ಅವರ ಕಾಲೊನಿಗೆ ಹೋದೆ. ಅಲ್ಲೇ ನಾನು ಮೊದಲ ಸಲ ಮಾಂಸ ತಿಂದದ್ದು. ಯಾವ ಸಿದ್ಧಾಂತಕ್ಕೂ ಅಲ್ಲ. ಆಹಾರ ಅವರವರ ಇಷ್ಟ ಎಂಬ ವಿಷಯದ ಮೇಲೆ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಎರಡು ಕಪ್ ಗೆದ್ದವಳಿಗೆ ಸಿದ್ಧಾಂತದ ಮೇಲೆ ಅಂಥ ನಂಬಿಕೆ ಉಳಿದಿರುವುದಿಲ್ಲ. ಅವರು ಬಡಿಸಿದರು, ನಾನು ತಿಂದೆ.

ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಮಾಂಸದ ತುಂಡುಗಳಿಗೆ ಮೈದಾ ಸವರಿ ಕೆಂಪಗೆ ಹುರಿದು, ಉಳ್ಳಾಗಡ್ಡಿ, ಗಜ್ಜರಿ, ಬೆಳ್ಳುಳ್ಳಿ ಹಾಕಿ, ಪಾನನಿಷೇಧದ ಆ ರಾಜ್ಯದಲ್ಲಿ ಪರ್ಮಿಟ್ಟಿನ ಮೇಲೆ ತಂದ ಕೆಂಪು ವೈನ್ ಸುರಿದು, ಸಣ್ಣ ಉರಿಯಲ್ಲಿ ಮೂರು ತಾಸು ಬಿಡುತ್ತಿದ್ದರು. ಆ ಮೂರು ತಾಸಿನಲ್ಲಿ ಆಕೆ ಉಣ್ಣೆ ಹೆಣೆಯುತ್ತಿದ್ದರು, ನಾನು ಸುಮ್ಮನೆ ಕೂತಿರುತ್ತಿದ್ದೆ. ಮಾತು ಬೇಕಾದರೆ ಇತ್ತು, ಬೇಡದಿದ್ದರೆ ಇರಲಿಲ್ಲ. ನನ್ನ ಆಸೆ ಸ್ಟ್ಯೂವಿನ ಮೇಲಿತ್ತೋ ಆ ಕೂತಿರುವುದರ ಮೇಲಿತ್ತೋ, ಪ್ರಮಾಣ ಮಾಡಿ ಹೇಳಲಾರೆ.

ಗಂಡನ ಕೆಲಸ ಮುಗಿಯಿತು, ಅವರು ಹೋದರು. ಹೋಗುವಾಗ ಬೆರಳುದ್ದದ ಸೀಸೆಯಲ್ಲಿ ಒಣಗಿದ ಥೈಮ್ ಎಲೆಯನ್ನೂ, ಅಡುಗೆಯ ವಿಧಾನ ಬರೆದ ಚೀಟಿಯನ್ನೂ ಕೊಟ್ಟರು. ಮೊದಲ ಖಾಲಿ ಭಾನುವಾರ ಬಟ್ಟೆ ಒಗೆದೆ. ಎರಡನೆಯದರಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮೂರನೆಯ ಭಾನುವಾರಕ್ಕೆ ಸ್ಟ್ಯೂ ಮಾಡುವುದೆಂದು ತೀರ್ಮಾನಿಸಿದೆ.

ವೈನ್ ಇಲ್ಲ, ಪರ್ಮಿಟ್ ಇಲ್ಲ. ಬಣ್ಣ ಕೆಂಪಿರಬೇಕು, ರುಚಿ ಹುಳಿ ಇರಬೇಕು. ಆಗ ಹೊಳೆದದ್ದು ಕೋಕಮ್, ನಮ್ಮ ಕರಾವಳಿಯವರ ಪುನರ್ಪುಳಿ. ಸೂರತ್ತಿನಲ್ಲಿ ಪ್ರತಿ ಮನೆಯ ಬೇಳೆಗೂ ಬೀಳುವ ಪದಾರ್ಥ. ಶನಿವಾರ ಸಂಜೆ ಎದುರುಬಾಗಿಲು ತಟ್ಟಿದೆ.

"ಕೋಕಮ್? ಕೊನೆಗೂ ನಮ್ಮ ದಾಳ್ ಕಲಿತೆಯಾ?" ಮಾಸಿಯ ಮುಖ ಅರಳಿತು.

ಇಲ್ಲ ಅನ್ನಬಹುದಿತ್ತು. ನಾನು ಹೂಂ ಅಂದೆ.

"ಬೆಲ್ಲ ಮರೀಬೇಡ. ನಿಮ್ಮ ಕಡೆಯವರು ಹುಳಿ ಹಿಂಡಿ ಹಾಗೇ ಬಿಟ್ಟುಬಿಡ್ತೀರಿ, ನಾಲಿಗೆ ಸುಲಿದುಹೋಗುತ್ತೆ." ವಾಟಕಿಯ ತುಂಬ ಕೋಕಮ್ ಹಾಕಿ ಕೊಟ್ಟರು. "ನಾಳೆ ಇದೇ ವಾಟಕಿ, ಇದೇ ಕೋಕಮ್‌ನ ದಾಳ್. ನಾನು ನೋಡಿ ಮಾರ್ಕ್ಸ್ ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಆಟೋ ಹಿಡಿದು ಹಳೇ ಊರಿನ ಮಾಂಸದ ಅಂಗಡಿಗೆ ಹೋದೆ. ನನ್ನ ಹತ್ತಿ ಸೀರೆ, ಬ್ಯಾಂಕಿನ ಚೀಲ ನೋಡಿ ಅಂಗಡಿಯವನು ಕತ್ತಿ ಕೆಳಗಿಟ್ಟ.

"ಏನು ಬೇನ್, ದಾರಿ ತಪ್ಪಿತಾ?"

ಒಂದು ಕಿಲೋ ಬೇಕು ಎಂದೆ.

"ಯಾರಿಗೆ? ನಾಯಿಗಾ?"

ಪಕ್ಕದಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸಭೆಯಲ್ಲಿ ನೂರಾರು ಜನರೆದುರು ನಿಂತವಳ ಬಾಯಿಂದ ಬಂದದ್ದು, "ಹೌದು, ನಾಯಿಗೇ."

"ಹಾಗೆ ಹೇಳಿ ಮತ್ತೆ! ಒಳ್ಳೇ ತುಂಡು ಯಾಕೆ ಹಾಳು ಮಾಡೋದು," ಎಂದು ಅವನು ಕತ್ತು, ಮೊಣಕಾಲಿನ ನರನರವಾದ ತುಂಡುಗಳನ್ನೇ ಆರಿಸಿ, ಕಾಗದದಲ್ಲಿ ಸುತ್ತಿ ಕೊಟ್ಟ. "ನಾಯಿ ದೊಡ್ಡದೇ ಇರಬೇಕು. ಅಗಿಯೋಕೆ ಹಲ್ಲು ಗಟ್ಟಿ ಇದೆಯಾ?" ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮುಂದಿನದೆಲ್ಲ ಆ ಒಂದು ಸುಳ್ಳಿನಿಂದ ಆಯಿತು. ಕಬ್ಬಿಣದ ಪಾತ್ರೆ ನನ್ನಲ್ಲಿರಲಿಲ್ಲ. ಬಾಣಲೆಯಲ್ಲಿ ಹುರಿದೆ, ಕೋಕಮ್ ನೆನೆಸಿದ ನೀರಿಗೆ ಮಾಸಿ ಹೇಳಿದಂತೆ ಬೆಲ್ಲ ಹಾಕಿ ಸುರಿದೆ, ಥೈಮ್ ಉದುರಿಸಿದೆ. ಒಂದು ತಾಸು ಬೆಂದರೂ ತುಂಡು ಚಪ್ಪಲಿಯ ಹಾಗಿತ್ತು. ಆಗ ಎಲ್ಲವನ್ನೂ ಕುಕ್ಕರಿಗೆ ಸುರಿದು ಮುಚ್ಚಳ ಹಾಕಿದೆ. ಕಿಟಕಿ, ಟವೆಲ್, ಊದುಬತ್ತಿ ಎಂದು ವಾಸನೆಯ ಬಗ್ಗೆಯೇ ಯೋಚಿಸಿದ್ದ ನನಗೆ ಸೀಟಿ ನೆನಪಾಗಲೇ ಇಲ್ಲ. ಐದು ಸೀಟಿ, ತೆಗೆದು ಒತ್ತಿ ನೋಡಿದೆ, ಗಟ್ಟಿ. ಇನ್ನೈದು. ಇನ್ನೂ ಆರು. ಹದಿನೇಳನೆಯದಕ್ಕೆ ಬಾಗಿಲ ಗಂಟೆ ಹೊಡೆಯಿತು.

ಬಾಗಿಲನ್ನು ಒಂದು ಗೇಣು ತೆರೆದೆ. ಮಾಸಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು.

"ಹದಿನೇಳು ಸೀಟಿ! ದಾಳ್ ಬೇಯಿಸ್ತಾ ಇದೀಯೋ, ಮನೆಯ ಇಟ್ಟಿಗೆ ಬೇಯಿಸ್ತಾ ಇದೀಯೋ?"

"ಬೇಳೆ ಹಳೇದು ಮಾಸಿ."

"ನನ್ನ ವಾಟಕಿ ಕೊಡು ಮತ್ತೆ, ರುಚಿ ನೋಡ್ತೀನಿ."

"ತಳ ಹಿಡೀತು."

"ಮೇಲಿಂದ ತೆಗೆದು ಕೊಡು."

"ಉಪ್ಪೂ ಜಾಸ್ತಿ ಆಗಿದೆ."

"ಹಳೇದು ಅಂದೆ, ತಳ ಹಿಡೀತು ಅಂದೆ, ಈಗ ಉಪ್ಪು ಅಂತೀಯ. ಯಾವುದಾದರೂ ಒಂದು ಹೇಳು ದೀಕ್ರೀ."

ನನ್ನ ಮೂರು ವರ್ಷದ ತರಬೇತಿಯನ್ನು ಮಾಸಿ ಹೊಸ್ತಿಲಲ್ಲಿ ನಿಂತು ಅರ್ಧ ನಿಮಿಷದಲ್ಲಿ ಮುಗಿಸಿದರು. ಒಳಗೆ ಹೋದೆ. ಒಲೆಯ ಪಕ್ಕದಲ್ಲಿ ತೊಳೆದಿಟ್ಟ ವಾಟಕಿ ಇತ್ತು, ಕುಕ್ಕರ್ ಇತ್ತು. ರಸ ಮಾತ್ರ ಬಗ್ಗಿಸಿ ಕೊಟ್ಟರೆ ಅವರಿಗೆ ತಿಳಿಯುವುದಿಲ್ಲ ಎಂಬ ಯೋಚನೆ ಬಂದದ್ದು ನಿಜ. ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ನಿಜ ಹೇಳಿದರೆ ಈ ವಾಟಕಿ ಇನ್ನು ನನ್ನ ಬಾಗಿಲಿಗೆ ಬರುವುದಿಲ್ಲ ಎಂಬ ಯೋಚನೆಯೂ ಬಂತು. ಅದು ಬರದಿದ್ದರೆ ನನಗೆ ಹಾಲಿನವನೊಬ್ಬನೇ ಗತಿ. ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದು ವಾಟಕಿಗೆ ಹಾಕಿದೆ.

ಮಾಸಿ ಸಕ್ಕರೆಯನ್ನು ನೋಡಿದರು. ನನ್ನ ಭುಜದ ಮೇಲಿಂದ ಒಳಗೆ, ಊದುಬತ್ತಿಯ ಹೊಗೆಯನ್ನೂ ಕಿಟಕಿಯ ಟವೆಲನ್ನೂ ನೋಡಿದರು. ಮಾರ್ಕ್ಸ್ ಕೊಡಲಿಲ್ಲ.

"ಕಿಟಕಿ ತೆಗಿ. ಉಸಿರು ಕಟ್ಟುತ್ತೆ," ಎಂದಷ್ಟೇ ಹೇಳಿ ವಾಟಕಿ ತೆಗೆದುಕೊಂಡು ಹೋದರು.

ಇಪ್ಪತ್ತೊಂದು ಸೀಟಿಗೆ ಮಾಂಸ ಬೆಂದಿತು. ಒಬ್ಬಳೇ ಕೂತು ಬ್ರೆಡ್ ಅದ್ದಿಕೊಂಡು ತಿಂದೆ. ಫ್ರೆಂಚ್ ಅಲ್ಲ, ಏನೂ ಅಲ್ಲ; ಸಿಹಿಹುಳಿ ಬೇಳೆಗೆ ಎಮ್ಮೆ ಜಾರಿಬಿದ್ದ ಹಾಗಿತ್ತು. ಉಳಿದದ್ದನ್ನು ಮೂರು ದಿನ ಬಿಸಿ ಮಾಡಿ ಮಾಡಿ ಮುಗಿಸಿದೆ.

ನಾಲ್ಕನೇ ದಿನ ಗಂಟೆಯಾಯಿತು. ಮಾಸಿ! ಕೈಯಲ್ಲಿ ಮಜ್ಜಿಗೆಯ ಕಢಿ. ಓಡಿ ಹೋಗಿ ಹಿಡಿದುಕೊಂಡೆ. ಅದಿದ್ದದ್ದು ವಾಟಕಿಯಲ್ಲಲ್ಲ, ತೊಳೆದಿಟ್ಟ ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಪ್ಪಿನಲ್ಲಿ.

"ವಾಪಸು ಕೊಡಬೇಡ, ಎಸೆದುಬಿಡು."

ಮುಂದೆಯೂ ಶಾಕ್ ಬಂತು, ಢೋಕಳಾ ಬಂತು, ಹಬ್ಬಕ್ಕೆ ಶ್ರೀಖಂಡ ಬಂತು. ಎಲ್ಲವೂ ಅಂಥ ಕಪ್ಪುಗಳಲ್ಲೇ. ದೀಕ್ರೀ ಅನ್ನುವುದನ್ನು ಅವರು ಬಿಡಲಿಲ್ಲ, ಸೀಟಿ ಎಣಿಸುವುದನ್ನು ಬಿಟ್ಟರು. ಒಮ್ಮೆ ಅವಲಕ್ಕಿ ಹಿಡಿದು ಹೋದೆ, ಉಪವಾಸ ಅಂದರು. ಕ್ಯಾಲೆಂಡರ್ ನೋಡಿದೆ, ಅವತ್ತು ಏಕಾದಶಿ ಹೌದು. ಇನ್ನೊಮ್ಮೆ ಹೋದೆ, ಹೊಟ್ಟೆ ಸರಿಯಿಲ್ಲ ಅಂದರು. ಸರಿಯಿರಲಿಲ್ಲವೇನೋ. ವಾಟಕಿಗಳು ಸೊಸೆಯ ತವರಿಗೆ ಹೋಗಿರಬಹುದು ಎಂದೂ ಅಂದುಕೊಂಡೆ. ಸಾಕ್ಷಿ ಯಾವ ಕಡೆಗೂ ಪೂರ್ತಿ ವಾಲುತ್ತಿರಲಿಲ್ಲ. ಮೂರನೇ ಸಲ ನಾನು ಏನನ್ನೂ ಒಯ್ಯಲಿಲ್ಲ.

ಆದರೆ ಕಪ್ಪುಗಳನ್ನು ಎಸೆಯಲು ಕೈ ಬರಲಿಲ್ಲ. ತೊಳೆದು ಒಂದರೊಳಗೊಂದು ಸೇರಿಸಿ ಸಿಂಕಿನ ಕೆಳಗೆ ಇಡುತ್ತ ಹೋದೆ. ಹತ್ತು ತಿಂಗಳ ಮೇಲೆ ವಡೋದರಕ್ಕೆ ವರ್ಗವಾಗಿ ಸಾಮಾನು ಕಟ್ಟುವಾಗ ಆ ಗೋಪುರ ನನ್ನ ಮೊಣಕಾಲಿನವರೆಗೆ ಬಂದಿತ್ತು. ಅದನ್ನೇ ಎರಡೂ ಕೈಯಲ್ಲಿ ಹಿಡಿದು ಎದುರುಬಾಗಿಲಿಗೆ ಹೋದೆ. ಮೇಲಿನ ಕಪ್ಪಿನಲ್ಲಿ ಒಂದು ಹಿಡಿ ಸಕ್ಕರೆ ಹಾಕಿದ್ದೆ.

ಮಾಸಿ ನನ್ನ ಪ್ರಯಾಣಕ್ಕೆಂದು ಥೇಪ್ಲಾ, ಅಂದರೆ ಮೆಂತ್ಯದ ರೊಟ್ಟಿ, ಬೇಯಿಸುತ್ತಿದ್ದರು. ಹಿಟ್ಟಿನ ಕೈಯಲ್ಲೇ ಬಂದು ಕಪ್ಪುಗಳನ್ನು ನೋಡಿ ದಂಗಾದರು.

"ಹುಚ್ಚೀ, ಇಷ್ಟೂ ಇಟ್ಟುಕೊಂಡಿದ್ದೆಯಾ? ಎಸೆಯೋಕೆ ಅಂತ ಕೊಟ್ಟದ್ದಲ್ವಾ ಇವು?"

ಅವರ ಹಿಂದೆ, ಅಡುಗೆಮನೆಯ ಗೋಡೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ವಾಟಕಿಗಳು ಸಾಲಾಗಿ ಬೋರಲು ಬಿದ್ದಿದ್ದವು. ಯಾವುದೂ ಎಲ್ಲಿಗೂ ಹೋಗಿರಲಿಲ್ಲ.

"ಮಾಸಿ," ಎಂದೆ, "ಆ ಭಾನುವಾರ ಆದಮೇಲೆ ನನಗೆ ಎಸೆಯುವಂಥದ್ದರಲ್ಲೇ ಯಾಕೆ ಕೊಟ್ಟಿರಿ?"