ಸತ್ತವನನ್ನು ಬದುಕಿಸದ ಮೇಷ್ಟ್ರು

ನಗು ಬಂದರೆ ನಮ್ಮ ಇಂಗ್ಲಿಷ್ ಮೇಷ್ಟ್ರ ಮುಖ ಒಂದಿಷ್ಟೂ ಅಲುಗುತ್ತಿರಲಿಲ್ಲ, ಕಿವಿಗಳು ಮಾತ್ರ ಕೆಂಪಗಾಗುತ್ತಿದ್ದವು. ಹುಣಸೂರಿನ ಶಾಲೆಯಲ್ಲಿ ಅವರ ಕೈಕೆಳಗೆ ಕಿರಿಯ ಮೇಷ್ಟ್ರಾಗಿ ಸೇರಿದ ನಾನು ಆ ಕಿವಿಗಳನ್ನು ನೋಡಿಯೇ ಅವರ ಮನಸ್ಸು ತಿಳಿದುಕೊಳ್ಳುತ್ತಿದ್ದೆ.

ಶನಿವಾರ ಸಂಜೆ ಊರಿನ ವಾಚನಾಲಯದಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು, ನೋಡನೋಡುತ್ತಲೇ ಕನ್ನಡ ಮಾಡಿ ಓದುವುದು ಅವರ ರೂಢಿ. ನಮ್ಮದು ಹರಿಕಥೆ ಕೇಳಿ ಬೆಳೆದ ಊರು. ಯಾವ ಕಥೆಯಾದರೂ ಮಂಗಳದಲ್ಲಿ ಮುಗಿಯಬೇಕು. ಮೇಷ್ಟ್ರು ಅಂಥಲ್ಲಿಗೆ ಇಂಗ್ಲೆಂಡಿನ ಕಾದಂಬರಿಕಾರನೊಬ್ಬನ ತೆಳ್ಳನೆಯ ಪುಸ್ತಕ ತಂದರು. ಅದರಲ್ಲೊಬ್ಬ ಮುದುಕ, ತನಗಾಗಿ ಯಾರು ಅಳುತ್ತಾರೆ ನೋಡೋಣವೆಂದು, ಸತ್ತೆನೆಂಬ ಸುದ್ದಿ ಹಬ್ಬಿಸಿ ಶವಪೆಟ್ಟಿಗೆಯಲ್ಲಿ ಮಲಗುತ್ತಾನೆ. ನೆಂಟರು ಬಂದು ಹೊಟ್ಟೆ ತುಂಬ ಉಂಡು, ಅವನ ಕುರ್ಚಿ ಯಾರಿಗೆಂದು ಕಿತ್ತಾಡುತ್ತಾರೆ. ರೇಗಿ ಎದ್ದು ಕೂತವನನ್ನು ದೆವ್ವವೆಂದುಕೊಂಡು ತಂಗಿ ಪಕ್ಕದಲ್ಲಿದ್ದ ಹಿತ್ತಾಳೆ ದೀಪದ ಕಂಬದಿಂದ ಬಡಿಯುತ್ತಾಳೆ. ಈಗ ನಿಜವಾಗಿ ಸತ್ತ. ಹೇಗೂ ಎಲ್ಲರೂ ಬಂದಿದ್ದೇವಲ್ಲ ಎಂದು ನೆಂಟರು ಅವತ್ತೇ ಹೂಳಿ ಕೈ ತೊಳೆದುಕೊಳ್ಳುತ್ತಾರೆ.

ಮರದ ಡಿಪೋ ಸಾಬರು ಟೋಪಿ ಕಳಚಿ ಬೀಳುವಷ್ಟು ನಕ್ಕರು. "ನಮ್ಮ ದೊಡ್ಡಪ್ಪನ ಮನೆ ಕಥೆನೇ ಕಣ್ರೀ ಇದು" ಎಂದರು. ಕಂಪಲಾಪುರದ ಗೌಡರೊಬ್ಬರು ಶಲ್ಯ ಕೊಡವಿ ಎದ್ದರು. "ಸಾವಿಗೆ ನಗಿಸ್ತೀರಲ್ಲ ಮೇಷ್ಟ್ರೇ, ಒಳ್ಳೇದಲ್ಲ ಬುಡಿ." ಹೊರಗೆ ಜಗಲಿಯಲ್ಲಿ ಕೂತು ಕೇಳಿದ್ದ ನನ್ನಜ್ಜಿ ಮನೆಗೆ ಬಂದವಳೇ ಹಿತ್ತಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡಳು. ಕೇಳಿದರೆ, "ಸಾವಿನ ಸುದ್ದಿ ಕೇಳ್ಬುಟ್ಟು ಅಂಗೇ ಒಳೀಕ್ ಬರಕಾದದಾ?" ಅಂದಳು. ಇದನ್ನು ಹೇಳಿದಾಗ ಮೇಷ್ಟ್ರ ಕಿವಿ ಕೆಂಡದ ಹಾಗಾದವು. "ಬರೆದವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಟ್ಟಾರಯ್ಯ?" ಎಂದರು.

ಕೆಟ್ಟದ್ದು ಬೇರೆ ಕಡೆ. ವಾಚನಾಲಯದ ಅಧ್ಯಕ್ಷರಾಗಿದ್ದ ಸಾಹುಕಾರರ ತಂದೆ ಆಗಷ್ಟೇ ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಯ ದಿನವೇ ಅಣ್ಣತಮ್ಮಂದಿರು ಅವರ ಉಯ್ಯಾಲೆಗಾಗಿ ಜಗಳವಾಡಿದ್ದು ಊರಿಗೆಲ್ಲ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಪುಸ್ತಕದಲ್ಲಿ ಇಂಥದ್ದೇನೂ ಇಲ್ಲ, ಮೇಷ್ಟ್ರೇ ಕಟ್ಟಿ ತಮ್ಮನ್ನು ಆಡಿಕೊಂಡರು ಎಂದು ಸಾಹುಕಾರರು ನಂಬಿಬಿಟ್ಟರು.

"ಮುಂದಿನ ಶನಿವಾರ ಇದೇ ಕಥೆ ಓದಿ. ಮುದುಕ ಬದುಕ್ಬೇಕು, ನೆಂಟರು ಅವನ ಕಾಲಿಗೆ ಬೀಳ್ಬೇಕು. ಇಲ್ಲದಿದ್ರೆ ವರ್ಗ ಆಗಿ ಕೋಟೆಗೆ ಹೊರಡಿ" ಎಂದರು. ಮೇಲಿನವರ ಹತ್ತಿರ ಅವರ ಮಾತು ನಡೆಯುತ್ತಿತ್ತು. ಹೆಗ್ಗಡದೇವನಕೋಟೆಯೆಂದರೆ ಆಗ ಚಳಿಜ್ವರದ ಸೀಮೆ, ಮೇಷ್ಟ್ರದೋ ಮೊದಲೇ ನವೆದ ದೇಹ.

"ಕೊನೆಯ ಪುಟ ತಾನೇ, ಬದಲಾಯಿಸಿಬಿಡಿ" ಎಂದು ನಾನು ಅಂಗಲಾಚಿದೆ.

"ಕೊಂದವನು ಬರೆದವನು ಕಣಯ್ಯ. ಎಬ್ಬಿಸಿ ಕೂರಿಸೋಕೆ ನಾನ್ಯಾರು?" ಎಂದರು.

ಆ ಶನಿವಾರ ಕಾಲಿಡಲು ಜಾಗವಿರಲಿಲ್ಲ. ಸಾಹುಕಾರರು ಮುಂದಿನ ಸಾಲಿನಲ್ಲೇ ಕೂತಿದ್ದರು. ತಂಗಿ ದೀಪದ ಕಂಬ ಎತ್ತುವಲ್ಲಿ ಮೇಷ್ಟ್ರು ಒಂದು ಕ್ಷಣ ನಿಲ್ಲಿಸಿ, ಅವರನ್ನೇ ನೋಡಿ, ಇದ್ದದ್ದನ್ನು ಇದ್ದ ಹಾಗೆ ಓದಿದರು. ಮುದುಕ ಸತ್ತ. ಸಾಬರೊಬ್ಬರೇ ನಕ್ಕರು. ಬೇಸಿಗೆಗೆ ಮುಂಚೆಯೇ ವರ್ಗದ ಆದೇಶ ಬಂತು.

ಮುಂದಿನ ಮಳೆಗಾಲದಲ್ಲಿ ಮೇಷ್ಟ್ರು ಜ್ವರದಿಂದ ಕೋಟೆಯಲ್ಲೇ ತೀರಿಕೊಂಡರು. ಸಾಬರು ಗಾಡಿ ಕಟ್ಟಿಸಿದರು, ಇಬ್ಬರೂ ಹೋದೆವು. ಸ್ಮಶಾನದಿಂದ ಹಿಂತಿರುಗುವಾಗ ಸರಗೂರಿನ ರೈತನೊಬ್ಬ ಜೊತೆಗೆ ನಡೆದ. ಮೇಷ್ಟ್ರು ಕೋಟೆಯಲ್ಲೂ ಶನಿವಾರ ಓದುತ್ತಿದ್ದರಂತೆ. ಅದೇ ಕಥೆ ಕೇಳಿ ಅಲ್ಲೂ ಜನ ಎರಡು ಪಕ್ಷವಾದರಂತೆ.

"ಆ ಮುದುಕನ್ನ ಉಳಿಸ್ಬುಡಿ ಅಂತ ಕೇಳ್ಕಂಡೆ ಕಣ್ರೀ" ಎಂದ, ಇನ್ನೂ ಕೋಪ ಇಳಿಯದೆ. "ಒಂದಕ್ಸರ ಬದ್ಲಾಯಿಸ್ನಿಲ್ಲ."

ಅಳುತ್ತಿದ್ದ ನನಗೆ ಎದೆಯುಬ್ಬಿ ಬಂತು.

"ಬದಲಾಯಿಸೋದಿಲ್ಲ" ಎಂದೆ. "ಅವರು ನಮ್ಮ ಮೇಷ್ಟ್ರು."